ಹಾಕಿದ ಕೋಡ್ ಹಾಕಿದ ಹಾಗೇ ಸಿಗಬೇಕು: ಪೇಸ್ಟ್ ಸರ್ವರ್ ಕಟ್ಟಿದ ಲಾಗ್

ನಮ್ಮದು ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವ ಪೈಥಾನ್ ಸ್ಕ್ರಿಪ್ಟ್‌ಗಳನ್ನು ಬರೆಯುವ ಹದಿನಾಲ್ಕು ಜನರ ಗುಂಪು. ಕಾಗುಣಿತ ತಪಾಸಣೆ, ಹಳೇ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ತರುವುದು, ಪದಗಳ ಅಕಾರಾದಿ ಜೋಡಣೆ, ಇಂಥವು. ಕೋಡ್ ತುಣುಕುಗಳ ಕೊಡು-ಕೊಳ್ಳುವಿಕೆ ಇಷ್ಟು ದಿನ ಚಾಟ್ ಗುಂಪಿನಲ್ಲೇ ನಡೆಯುತ್ತಿತ್ತು. ಅಲ್ಲಿ ಎರಡು ನಕ್ಷತ್ರಗಳ ನಡುವೆ ಸಿಕ್ಕ ಪದ ದಪ್ಪಗಾಗುತ್ತದೆ. ಫೋನ್ ಕೀಬೋರ್ಡ್ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ್ದಾಗಿ ಮಾಡುತ್ತದೆ, ಎರಡು ಹೈಫನ್ನನ್ನು ಒಂದು ಉದ್ದ ಗೆರೆ ಮಾಡುತ್ತದೆ. ಪೈಥಾನ್ ಅದನ್ನು ನೋಡಿ 'ಇನ್‌ವ್ಯಾಲಿಡ್ ಕ್ಯಾರೆಕ್ಟರ್' ಅನ್ನುತ್ತದೆ. ಇದಕ್ಕೆ ಬೇಸತ್ತವರು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದು ಇನ್ನೂ ಕಷ್ಟ, ನೋಡಿಕೊಂಡು ಟೈಪ್ ಮಾಡಬೇಕು.

ಹಾಗಾಗಿ ನಮ್ಮದೇ ಒಂದು ಪೇಸ್ಟ್ ಸರ್ವರ್ ಕಟ್ಟಿದೆ: ಪಠ್ಯ ಹಾಕಿದರೆ ಹಂಚಲು ಒಂದು ಕೊಂಡಿ ಕೊಡುವ ಜಾಗ. ಈಗ ಓಡುತ್ತಿದೆ. ಇಂಥದ್ದನ್ನು ಕಟ್ಟಲು ಹೊರಟವರಿಗೆ ಬೇಕಾಗಬಹುದು ಅಂತ ಹಂತಗಳನ್ನು ಬರೆದಿಡುತ್ತಿದ್ದೇನೆ.

ಸಿದ್ಧವಾಗಿರೋದನ್ನೇ ಯಾಕೆ ಬಳಸಲಿಲ್ಲ ಅಂತ ಕೇಳುವವರಿಗೆ: ಗಿಟ್‌ಹಬ್ ಗಿಸ್ಟ್ 2008ರಿಂದ ಇದೆ, ಚೆನ್ನಾಗಿದೆ. ಆದರೆ ಹಾಕುವವರಿಗೆ ಅಲ್ಲಿ ಖಾತೆ ಬೇಕು, ಇಂತಿಷ್ಟು ದಿನಕ್ಕೆ ತಾನೇ ಅಳಿಯುವ ಸೌಕರ್ಯ ಇಲ್ಲ, 'ಸೀಕ್ರೆಟ್' ಅನ್ನುವ ಗಿಸ್ಟ್ ಕೂಡ ಕೊಂಡಿ ಸಿಕ್ಕ ಯಾರಿಗಾದರೂ ತೆರೆಯುತ್ತದೆ. ಟರ್ಮ್‌ಬಿನ್ ಬಲು ಸರಳ: ನೆಟ್‌ಕ್ಯಾಟ್ ಅನ್ನುವ ಆಜ್ಞೆಯಿಂದ 9999ನೇ ಪೋರ್ಟ್‌ಗೆ ಸುರಿದರೆ ಕೊಂಡಿ ಬರುತ್ತದೆ. ಆದರೆ ಕಳಿಸಿದ್ದು ಗೂಢಲಿಪಿಯಿಲ್ಲದೆ ಬಯಲಲ್ಲೇ ಹೋಗುತ್ತದೆ. ಪ್ರೈವೇಟ್‌ಬಿನ್ ಇದಕ್ಕೆ ತದ್ವಿರುದ್ಧ. ಬ್ರೌಸರ್‌ನಲ್ಲೇ ಗೂಢಲಿಪಿ ಮಾಡಿ, ಕೀಲಿಯನ್ನು ಕೊಂಡಿಯ ಹ್ಯಾಶ್ ಚಿಹ್ನೆಯ ಆಚೆ ಇಡುತ್ತದೆ. ಆ ಭಾಗ ಸರ್ವರ್‌ಗೆ ಹೋಗುವುದೇ ಇಲ್ಲ. ಗುಟ್ಟಿನ ವಿಷಯಕ್ಕೆ ಅದಕ್ಕಿಂತ ಒಳ್ಳೆಯದು ಬೇಡ. ನಮಗೆ ಬೇಕಿದ್ದದ್ದು ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಕರ್ಲ್ (ವೆಬ್‌ಗೆ ಡೇಟಾ ಕಳಿಸುವ, ತರಿಸುವ ಸಾಧನ) ಆಜ್ಞೆ, ಆ ಕಡೆಯವರಿಗೂ ಒಂದೇ ಸಾಲು. ಬ್ರೌಸರ್‌ನಲ್ಲಿ ಗೂಢಲಿಪಿ ಬಿಡಿಸುವ ಜಾಗದಲ್ಲಿ ಅದು ನಡೆಯದು.

ಹಂತ 1: ಮನೆಯ ಪೈ, ಒಂದು ವ್ಯರ್ಥ ಪ್ರಯತ್ನ

ಡ್ರಾಯರ್‌ನಲ್ಲಿ ರಾಸ್ಪ್‌ಬೆರಿ ಪೈ 3ಬಿ ಅನ್ನುವ ಹಳೇ ಪುಟ್ಟ ಕಂಪ್ಯೂಟರ್ ಬಿದ್ದಿತ್ತು. 32 ಜಿಬಿ ಕಾರ್ಡ್‌ಗೆ ₹450 ಕೊಟ್ಟು ತಂದೆ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬಂದದ್ದನ್ನು ಪೈಗೆ ದಾಟಿಸುವ ಏರ್ಪಾಡು, ಹಾಕಿದೆ. ಒಳಗಿನಿಂದ ತೆರೆಯಿತು, ಹೊರಗಿನಿಂದ ಇಲ್ಲ. ಫೈರ್‌ವಾಲ್ ನೋಡಿದೆ, ಕೇಬಲ್ ಬದಲಾಯಿಸಿದೆ, ಎಲ್ಲ ಆದಮೇಲೆ ರೌಟರ್‌ನ ಹೊರಗಿನ ವಿಳಾಸ ನೋಡಿದರೆ ಅದು 100.64ಕ್ಕೂ 100.127ಕ್ಕೂ ನಡುವಿನದು. ಅಂದರೆ ಸಿಜಿ-ನ್ಯಾಟ್. ಬೀದಿಯ ಎಷ್ಟೋ ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸ, ನನ್ನ ಪೋರ್ಟ್‌ಗೆ ಹೊರಗಿನಿಂದ ಬರಲು ದಾರಿಯೇ ಇಲ್ಲ. ಮನೆಯಲ್ಲಿ ಸರ್ವರ್ ಇಡುವ ಯೋಚನೆ ಇದ್ದವರು ಕಾರ್ಡ್ ಕೊಳ್ಳುವ ಮುಂಚೆ ಇದೊಂದನ್ನು ನೋಡಿಕೊಳ್ಳಿ.

ಸ್ಥಿರ ವಿಳಾಸಕ್ಕೆ ಪ್ರತ್ಯೇಕ ದುಡ್ಡು, ಟನಲ್ ಹಾಕಿದರೆ ನಡುವೆ ಇನ್ನೊಬ್ಬರ ಸರ್ವರ್. ಕರೆಂಟ್ ಹೋದರೆ ಎರಡೂ ಇಲ್ಲ. 1 ಜಿಬಿ ರ‍್ಯಾಮ್‌ನ ಒಂದು ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ತೆಗೆದುಕೊಂಡೆ. ತಿಂಗಳಿಗೆ ₹450, 18% ಜಿಎಸ್‌ಟಿ ಸೇರಿ ₹531. ವರ್ಷಕ್ಕೆ ₹6,372, ಹದಿನಾಲ್ಕು ಜನಕ್ಕೆ ಹಂಚಿದರೆ ತಲೆಗೆ ₹455. ಡೊಮೇನ್ ಮೊದಲೇ ಇತ್ತು, ಅದರದೇ ಒಂದು ಉಪಡೊಮೇನ್.

ಹಂತ 2: ಮೊದಲ ರೂಪ

ಡೆಬಿಯನ್ ಲಿನಕ್ಸ್, ವೆಬ್ ಸರ್ವರ್ ಆಗಿ ಎಂಜಿನ್‌ಎಕ್ಸ್, ಪೈಥಾನ್ ಓಡಿಸಲು ಗನಿಕಾರ್ನ್, ಪುಟಗಳಿಗೆ ಫ್ಲಾಸ್ಕ್, ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್. ಕೋಡ್‌ಗೆ ಬಣ್ಣ ಹಚ್ಚಲು ಪಿಗ್‌ಮೆಂಟ್ಸ್. ಪ್ರಮಾಣಪತ್ರಕ್ಕೆ ಸರ್ಟ್‌ಬಾಟ್, ಅದು ತನ್ನಷ್ಟಕ್ಕೆ ನವೀಕರಿಸಿಕೊಳ್ಳುತ್ತದೆ. ಹೊಸದೇನೂ ಇಲ್ಲ. ಒಂದೇ ಟೇಬಲ್: ಗುರುತು, ವಿಷಯ, ಭಾಷೆ, ಹಾಕಿದ ಸಮಯ, ಅಳಿಯುವ ಸಮಯ. ಕೋಡ್ ಇನ್ನೂರು ಸಾಲೂ ದಾಟಲಿಲ್ಲ.

ಟೆಂಪ್ಲೇಟ್ ಫೈಲ್‌ಗಳಿಗೆ ಅಭ್ಯಾಸಬಲದಿಂದ ಜೆ2 ಅನ್ನುವ ಬಾಲ ಕೊಟ್ಟಿದ್ದೆ. ಫ್ಲಾಸ್ಕ್ ತಾನೇ ಎಸ್ಕೇಪ್ ಮಾಡುವುದು (ಟ್ಯಾಗ್‌ಗಳು ಓಡದೆ ಬರೀ ಅಕ್ಷರವಾಗಿ ಕಾಣುವಂತೆ ಮಾಡುವುದು) ಎಚ್‌ಟಿಎಂಎಲ್, ಎಕ್ಸ್‌ಎಂಎಲ್ ಥರದ ಬಾಲ ಇದ್ದ ಫೈಲುಗಳಿಗೆ ಮಾತ್ರ. ಪ್ರಯೋಗಕ್ಕೆ ಕೊಟ್ಟ ಮೊದಲ ಸಂಜೆಯೇ ಗುಂಪಿನ ಹುಡುಗನೊಬ್ಬ ಸ್ಕ್ರಿಪ್ಟ್ ಟ್ಯಾಗ್ ಪೇಸ್ಟ್ ಮಾಡಿ ಎಲ್ಲರ ಪರದೆಯಲ್ಲೂ 'ನಮಸ್ಕಾರ ಸಾರ್' ಅಂತ ಪೆಟ್ಟಿಗೆ ತೆರೆಸಿದ. ಫೈಲಿನ ಹೆಸರು ಬದಲಾಯಿಸಿದೆ, ಸರಿಹೋಯಿತು. ಬೇರೆಯವರ ಕೋಡನ್ನು ತೋರಿಸುವುದೇ ಕಸುಬಾದ ಜಾಗದಲ್ಲಿ ಈ ಪರೀಕ್ಷೆ ಮೊದಲನೆಯದಾಗಬೇಕಿತ್ತು.

ಹಂತ 3: ಖಾಲಿ ಜಾಗಗಳ ಕಾಟ

ಮೊದಲ ನಿಜವಾದ ದೂರು: "ನಿಮ್ಮ ಸೈಟಿಂದ ಕಾಪಿ ಮಾಡಿದ್ರೆ ಅನ್‌ಎಕ್ಸ್‌ಪೆಕ್ಟೆಡ್ ಇಂಡೆಂಟ್ ಬರುತ್ತೆ." ಫಾರ್ಮ್‌ನಿಂದ ಬಂದ ಪಠ್ಯದ ಮೇಲೆ ನಾನು ಸ್ಟ್ರಿಪ್ ಅನ್ನುವ, ಹಿಂದೆ ಮುಂದೆ ಇರುವ ಖಾಲಿ ಜಾಗ ಕತ್ತರಿಸುವ ಫಂಕ್ಷನ್ ಕರೆದಿದ್ದೆ. ಫಾರ್ಮ್ ಅಂದಕೂಡಲೇ ಕೈ ತಾನೇ ಬರೆಯುವ ಸಾಲು ಅದು. ಫಂಕ್ಷನ್ ಒಳಗಿನ ನಾಲ್ಕು ಸಾಲು ಮಾತ್ರ ಯಾರಾದರೂ ಹಾಕಿದರೆ, ಮೊದಲ ಸಾಲಿನ ಮುಂದಿನ ಖಾಲಿ ಜಾಗ ಹೋಗುತ್ತದೆ, ಉಳಿದ ಸಾಲುಗಳದು ಇರುತ್ತದೆ. ತೆಗೆದೆ.

ಎರಡನೆಯದು ಶೆಲ್ ಸ್ಕ್ರಿಪ್ಟ್. ಬ್ರೌಸರ್‌ನಲ್ಲಿ ಪೇಸ್ಟ್ ಮಾಡಿ, ಆ ಕಡೆ ಇಳಿಸಿಕೊಂಡು ಓಡಿಸಿದರೆ 'ಬ್ಯಾಡ್ ಇಂಟರ್‌ಪ್ರಿಟರ್', ಕೊನೆಗೊಂದು ಟೋಪಿ ಚಿಹ್ನೆ ಮತ್ತು ಎಂ. ಹಾಕಿದವನದು ಲಿನಕ್ಸ್, ತೆಗೆದವನದೂ ಲಿನಕ್ಸ್. ವಿಂಡೋಸ್ ಸಾಲುಕೊನೆ ಎಲ್ಲಿಂದ ಬಂತು? ಎಚ್‌ಟಿಎಂಎಲ್ ನಿಯಮವೇ ಹಾಗೆ. ಫಾರ್ಮ್ ಕಳಿಸುವಾಗ ಬ್ರೌಸರ್ ಪಠ್ಯಪೆಟ್ಟಿಗೆಯ ಪ್ರತಿ ಸಾಲುಕೊನೆಯನ್ನೂ ಸಿಆರ್-ಎಲ್‌ಎಫ್ ಅನ್ನುವ ಎರಡು ಕಾಣದ ಅಕ್ಷರಗಳ ಜೋಡಿಯಾಗಿ (ಅದು ವಿಂಡೋಸ್ ರೀತಿ, ಲಿನಕ್ಸ್‌ನಲ್ಲಿ ಬರೀ ಎಲ್‌ಎಫ್) ಕಳಿಸುತ್ತದೆ. ಜಾವಾಸ್ಕ್ರಿಪ್ಟ್‌ನಿಂದ ಓದಿದರೆ ತಿರುವುಮುರುವು, ಎಲ್ಲವೂ ಬರೀ ಎಲ್‌ಎಫ್. ಎರಡರಲ್ಲೂ ಮೂಲದಲ್ಲಿ ಏನಿತ್ತು ಅನ್ನುವುದು ಗೊತ್ತಾಗದು. ಪೆಟ್ಟಿಗೆಯಿಂದ ಬಂದದ್ದನ್ನು ಎಲ್‌ಎಫ್‌ಗೆ ಇಳಿಸಿ ಇಡುತ್ತೇನೆ. ನಿಜವಾಗಿ ಸಿಆರ್ ಬೇಕಾದವರು ಫೈಲ್ ಆರಿಸುವ ಗುಂಡಿ ಒತ್ತಲಿ, ಅಥವಾ ಕರ್ಲ್ ಬಳಸಲಿ. ಆ ಎರಡು ದಾರಿಯಲ್ಲಿ ಒಂದು ಬೈಟೂ ಬದಲಾಗದು.

ಮೂರನೆಯದು ಸಣ್ಣದು, ಆದರೆ ಹುಡುಕಲು ಸತಾಯಿಸಿತು. ಮೊದಲ ಸಾಲು ಖಾಲಿ ಇದ್ದ ತುಣುಕು ಪುಟದಲ್ಲಿ ಆ ಸಾಲಿಲ್ಲದೆ ಬರುತ್ತಿತ್ತು. ದೋಷ ಇದ್ದದ್ದು 12ನೇ ಸಾಲಲ್ಲಿ, ಪುಟ ತೋರಿಸುವುದು 11. ಪಠ್ಯವನ್ನು ಇದ್ದ ಹಾಗೆ ತೋರಿಸುವ ಪ್ರೀ ಟ್ಯಾಗ್ ತೆರೆದ ಕೂಡಲೇ ಬರುವ ಒಂದು ಸಾಲುಕೊನೆಯನ್ನು ಬ್ರೌಸರ್ ನುಂಗುತ್ತದೆ, ಇದೂ ನಿಯಮವೇ. ಪಿಗ್‌ಮೆಂಟ್ಸ್ ಇದಕ್ಕೆ ಉಪಾಯ ಮಾಡಿ ಪ್ರೀ ಆದಮೇಲೆ ಒಂದು ಖಾಲಿ ಸ್ಪ್ಯಾನ್ ಇಟ್ಟಿರುತ್ತದೆ. ಆದರೆ ಅದಕ್ಕೂ ಮುಂಚೆ ಅದೇ ಪಿಗ್‌ಮೆಂಟ್ಸ್ ಮೊದಲ ಮತ್ತು ಕೊನೆಯ ಖಾಲಿ ಸಾಲುಗಳನ್ನು ಕತ್ತರಿಸಿರುತ್ತದೆ. ಸ್ಟ್ರಿಪ್‌ಎನ್‌ಎಲ್ ಅನ್ನುವ ಆಯ್ಕೆ ಮೊದಲಿನಿಂದ ಟ್ರೂ ಇರುತ್ತದೆ, ಫಾಲ್ಸ್ ಮಾಡಬೇಕು.

ಸಾಲು ಸಂಖ್ಯೆಗಳನ್ನು ಕೋಡ್ ಜೊತೆಗೇ ಬರೆದರೆ ಕಾಪಿ ಮಾಡುವಾಗ ಅವೂ ಬರುತ್ತವೆ. ಪ್ರತ್ಯೇಕ ಕಾಲಮ್‌ನಲ್ಲಿಟ್ಟೆ.

ಹಂತ 4: ಕನ್ನಡವನ್ನು ನಾನೇ ಮುರಿದದ್ದು

2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕೊಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ 'ಟ್ರೋಜನ್ ಸೋರ್ಸ್' ಅಂತ ಒಂದು ದಾಳಿಯನ್ನು ತೋರಿಸಿದ್ದರು. ಅರೇಬಿಕ್, ಹೀಬ್ರೂಗಳಿಗಾಗಿ ಇರುವ, ಬರಹದ ದಿಕ್ಕು ತಿರುಗಿಸುವ ಕಾಣದ ಅಕ್ಷರಗಳನ್ನು ಕೋಡ್ ನಡುವೆ ಇಟ್ಟರೆ, ಓದುವವನಿಗೆ ಕಾಣುವ ಕ್ರಮವೇ ಬೇರೆ, ಕಂಪೈಲರ್ ಓದುವ ಕ್ರಮವೇ ಬೇರೆ. ಪೇಸ್ಟ್ ಸೈಟ್ ಅಂದಮೇಲೆ ಇದನ್ನು ತಡೆಯಬೇಕಲ್ಲ ಅಂತ ಹುರುಪಿನಲ್ಲಿ 'ಶುದ್ಧಿ' ಅನ್ನುವ ಫಂಕ್ಷನ್ ಬರೆದೆ. ಯೂನಿಕೋಡ್‌ನಲ್ಲಿ 'ಫಾರ್ಮ್ಯಾಟ್' ವರ್ಗಕ್ಕೆ ಸೇರಿದ ಕಾಣದ ಅಕ್ಷರಗಳನ್ನೆಲ್ಲ ಅದು ತೆಗೆದುಹಾಕುತ್ತಿತ್ತು. ಜೊತೆಗೆ, ಇರಲಿ ಅಂತ, ಎನ್‌ಎಫ್‌ಸಿ ರೂಪಕ್ಕೂ (ಬಿಡಿಸಿ ಬರೆದ ಅಕ್ಷರಗಳನ್ನು ಕೂಡಿಸಿದ ಯೂನಿಕೋಡ್ ರೂಪ) ತರುತ್ತಿತ್ತು.

ಆ ವರ್ಗದಲ್ಲಿ ಇನ್ನಿಬ್ಬರಿದ್ದಾರೆ: ಯೂನಿಕೋಡ್ ಸಂಖ್ಯೆ 200ಸಿ ಮತ್ತು 200ಡಿ. ಒಂದು ಅಕ್ಷರಗಳನ್ನು ಕೂಡದಂತೆ ತಡೆಯುವುದು, ಇನ್ನೊಂದು ಕೂಡಿಸುವುದು. ಕನ್ನಡ ಇವೆರಡಿಲ್ಲದೆ ನಡೆಯುವುದಿಲ್ಲ. 'ಸಾಫ್ಟ್‌ವೇರ್' ಅನ್ನುವಲ್ಲಿ ಮೊದಲನೆಯದನ್ನು ತೆಗೆದರೆ ವಕಾರ ಒತ್ತಾಗಿ ಟಕಾರದ ಕೆಳಗೆ ಹೋಗಿ 'ಸಾಫ್ಟ್ವೇರ್' ಆಗುತ್ತದೆ. 'ರ‍್ಯಾಂಕ್' ಅನ್ನುವಲ್ಲಿ ಎರಡನೆಯದನ್ನು ತೆಗೆದರೆ ರಕಾರ ಅರ್ಕಾವತ್ತಾಗಿ 'ರ್ಯಾಂಕ್' ಆಗುತ್ತದೆ. ನನ್ನ ಫಂಕ್ಷನ್ ಗುಂಪಿನ ಪದಪಟ್ಟಿಗಳನ್ನೆಲ್ಲ ಹೀಗೇ ತಿದ್ದಿ ಕೂರಿಸುತ್ತಿತ್ತು, ಯಾರಿಗೂ ಒಂದು ಮಾತು ಹೇಳದೆ.

ಗೊತ್ತಾದದ್ದು ಇದರಿಂದಲೂ ಅಲ್ಲ, ಎನ್‌ಎಫ್‌ಸಿಯಿಂದ. ಗುಂಪಿನಲ್ಲಿ ಧಾರವಾಡದ ಮೇಷ್ಟ್ರೊಬ್ಬರಿದ್ದಾರೆ. ಅವರ ಸ್ಕ್ರಿಪ್ಟ್‌ನಲ್ಲಿ ಎರಡು 'ಕೋ'ಗಳು ಸಮ ಅಲ್ಲ ಅಂತ ಬರುತ್ತಿತ್ತು, ಕಣ್ಣಿಗೆ ಎರಡೂ ಒಂದೇ. ತುಣುಕನ್ನು ನಮ್ಮ ಸೈಟಿಗೆ ಹಾಕಿದರು. ನಾನು ತೆಗೆದು ಓಡಿಸಿದೆ: ಸಮ. "ಸರ್, ನನ್ನಲ್ಲಿ ಸರಿ ಬರ್ತಿದೆ." ಅವರು ಮತ್ತೆ ಹಾಕಿದರು. ಮತ್ತೆ ಸಮ. ಪೈಥಾನ್ ಆವೃತ್ತಿ ಕೇಳಿದೆ, ಆಪರೇಟಿಂಗ್ ಸಿಸ್ಟಮ್ ಕೇಳಿದೆ, ಕೀಬೋರ್ಡ್ ಯಾವುದು ಅಂತಲೂ ಕೇಳಿದೆ. "ತಮ್ಮಾ, ಕಡೀಕ ಫೈಲನ ಈಮೇಲ್ ಮಾಡ್ತೀನಿ ನೋಡು," ಅಂದರು. ಈಮೇಲ್‌ನಲ್ಲಿ ಬಂದ ಫೈಲ್ ನನ್ನಲ್ಲೂ ಸಮ ಅಲ್ಲ ಅಂದಿತು.

'ಕೋ' ಸಾಮಾನ್ಯವಾಗಿ ಎರಡು ಕೋಡ್‌ಪಾಯಿಂಟ್ (ಯೂನಿಕೋಡ್ ಸಂಖ್ಯೆ ಇರುವ ಬಿಡಿ ಅಕ್ಷರ ಅಥವಾ ಚಿಹ್ನೆ): ಕಕಾರ, ಓತ್ವ. ಬಿಡಿಸಿ ಬರೆದರೆ ನಾಲ್ಕು: ಕಕಾರ, ಎತ್ವ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ. ಅವರ ಹಳೇ ಪರಿವರ್ತಕ ಬಿಡಿಸಿದ ರೂಪವನ್ನು ಉಗುಳುತ್ತಿತ್ತು. ಅವರು ತೋರಿಸಲು ಹೊರಟ ದೋಷವೇ ಅದು. ಸೈಟಿಗೆ ಹಾಕಿದ ಕ್ಷಣವೇ ನನ್ನ 'ಶುದ್ಧಿ' ಎರಡನ್ನೂ ಒಂದು ಮಾಡಿ ಸಾಕ್ಷ್ಯ ಅಳಿಸುತ್ತಿತ್ತು.

ಫಂಕ್ಷನ್ ಪೂರ್ತಿ ಅಳಿಸಿದೆ. ಡೇಟಾಬೇಸ್‌ನಲ್ಲಿ ವಿಷಯದ ಕಾಲಮ್ಮನ್ನು ಟೆಕ್ಸ್ಟ್‌ನಿಂದ ಬ್ಲಾಬ್‌ಗೆ (ಬರೀ ಬೈಟುಗಳನ್ನು ಇಡುವ ಬಗೆ) ಬದಲಾಯಿಸಿದೆ. ಬಂದ ಬೈಟುಗಳು, ಹೋಗುವ ಬೈಟುಗಳು, ಪಠ್ಯಪೆಟ್ಟಿಗೆಯ ಸಾಲುಕೊನೆ ಬಿಟ್ಟರೆ ನಡುವೆ ಯಾರೂ ಕೈಹಾಕುವುದಿಲ್ಲ. ದಿಕ್ಕು ತಿರುಗಿಸುವ ಅಕ್ಷರಗಳು, ಅಂದರೆ 202ಎಯಿಂದ 202ಇ, 2066ರಿಂದ 2069, ಇದ್ದರೆ ಪುಟದ ಮೇಲೆ ಕೆಂಪು ಪಟ್ಟಿ, ಆ ಜಾಗದಲ್ಲಿ ಚೌಕದೊಳಗೆ ಅದರ ಸಂಖ್ಯೆ. ತೋರಿಸುವುದು ಅಷ್ಟೇ, ತೆಗೆಯುವುದಿಲ್ಲ. 200ಸಿ, 200ಡಿಗಳನ್ನೂ ಚುಕ್ಕೆಯಾಗಿ ತೋರಿಸುವ ಗುಂಡಿ ಇಟ್ಟಿದ್ದೇನೆ. ಈಗ ಗುಂಪಿನಲ್ಲಿ ಅತಿ ಹೆಚ್ಚು ಬಳಕೆಯಾಗುತ್ತಿರುವುದು ಅದೇ ಗುಂಡಿ. ಕೋಡ್ ಹಂಚಲು ಕಟ್ಟಿದ್ದು, ಕಾಗುಣಿತ ನೋಡಲು ಬಳಸುತ್ತಾರೆ.

ಇದಾದಮೇಲೆ ಒಂದು ಪರೀಕ್ಷಾ ಫೈಲ್ ಮಾಡಿದೆ. ಮೊದಲ ಸಾಲು ಖಾಲಿ. ಎರಡನೆಯದು ಟ್ಯಾಬ್‌ನಿಂದ ಶುರು. ಒಂದು ಸಾಲಿಗೆ ಸಿಆರ್-ಎಲ್‌ಎಫ್, ಉಳಿದವಕ್ಕೆ ಎಲ್‌ಎಫ್. 'ಸಾಫ್ಟ್‌ವೇರ್', 'ರ‍್ಯಾಂಕ್', ಎರಡೂ ಬಗೆಯ 'ಕೋ'. ಬಾಗಿದ ಉದ್ಧರಣ ಚಿಹ್ನೆ. ಪಠ್ಯಪೆಟ್ಟಿಗೆ ಮುಚ್ಚುವ ಟ್ಯಾಗ್. ಕೊನೆಯ ಸಾಲಿಗೆ ಸಾಲುಕೊನೆ ಇಲ್ಲ. ಇದನ್ನು ಕಳಿಸಿ, ವಾಪಸ್ ತರಿಸಿ, ಎರಡರ ಶಾ-256 (ಒಂದು ಬೈಟ್ ಬದಲಾದರೂ ಬೇರೆಯಾಗುವ ಬೆರಳಚ್ಚಿನಂಥ ಸಂಖ್ಯೆ) ಹೋಲಿಸುವುದು. ಕೋಡ್‌ನಲ್ಲಿ ಒಂದಕ್ಷರ ತಿದ್ದಿದರೂ ಇದು ಓಡಬೇಕು. ಸರ್ವರ್ ಕಟ್ಟುವ ಮುಂಚೆ ಈ ಫೈಲ್ ಕಟ್ಟಿದ್ದರೆ ಹಂತ 3 ಮತ್ತು 4 ಇರುತ್ತಲೇ ಇರಲಿಲ್ಲ.

ಹಂತ 5: ಟರ್ಮಿನಲ್‌ನಿಂದ ಹಾಕುವುದು

ಕರ್ಲ್‌ನ ಹೈಫನ್-ಡಿ ಎಲ್ಲರಿಗೂ ಬಾಯಿಪಾಠ. ಅದರಲ್ಲಿ ಫೈಲ್ ಕಳಿಸಿದರೆ ಸಾಲುಕೊನೆಗಳನ್ನೆಲ್ಲ ಕಿತ್ತು ಕಳಿಸುತ್ತದೆ, ನಲವತ್ತು ಸಾಲಿನ ಸ್ಕ್ರಿಪ್ಟ್ ಒಂದೇ ಉದ್ದ ಸಾಲಾಗಿ ಬಂದು ಬೀಳುತ್ತದೆ. ಡೇಟಾ-ಬೈನರಿ ಹಾಕಿದರೆ ಸಾಲುಗಳು ಉಳಿಯುತ್ತವೆ, ಆದರೆ ಎರಡರಲ್ಲೂ ಕರ್ಲ್ ಅದನ್ನು ವೆಬ್ ಫಾರ್ಮ್ ಅಂತಲೇ ಹೇಳಿಕೊಂಡು ಕಳಿಸುವುದರಿಂದ ಫ್ಲಾಸ್ಕ್ ಫಾರ್ಮ್ ಅಂತ ಬಿಡಿಸಲು ಹೋಗುತ್ತದೆ, ಡೇಟಾ ಖಾಲಿ ಸಿಗುತ್ತದೆ. ಕೊನೆಗೆ ಹೈಫನ್ ದೊಡ್ಡ-ಟಿ ಗಟ್ಟಿ ಮಾಡಿದೆ. ಅದು ಪುಟ್ ವಿನಂತಿಯಲ್ಲಿ ಬರೀ ಬೈಟುಗಳನ್ನು ಕಳಿಸುತ್ತದೆ.

ಒಂದು ಲಾಭವೂ ಸಿಕ್ಕಿತು. ವಿಳಾಸದ ಕೊನೆಗೆ ಓರೆಗೆರೆ ಇದ್ದರೆ ಕರ್ಲ್ ಫೈಲಿನ ಹೆಸರನ್ನು ತಾನೇ ಜೋಡಿಸುತ್ತದೆ. ಮೊದಲು ಇದರಿಂದ 404 ಬರುತ್ತಿತ್ತು. ಆಮೇಲೆ ಆ ಹೆಸರಿನ ಬಾಲದಿಂದಲೇ ಭಾಷೆ ತಿಳಿಯುವಂತೆ ಮಾಡಿದೆ. ಪಿಗ್‌ಮೆಂಟ್ಸ್ ಪಠ್ಯ ನೋಡಿ ಭಾಷೆ ಊಹಿಸುವುದು ನಾಲ್ಕೈದು ಸಾಲಿನ ತುಣುಕುಗಳಿಗೆ ನಂಬುವಂತಿರಲಿಲ್ಲ, ಆ ಭಾಗ ಕಿತ್ತುಹಾಕಿದೆ.

ವಿಂಡೋಸ್‌ನವರಿಗೆ: ಪವರ್‌ಶೆಲ್ 5.1ರಲ್ಲಿ ಬರೀ ಕರ್ಲ್ ಅಂದರೆ ಅದು ಬೇರೆಯದೇ ಆಜ್ಞೆ, ಕರ್ಲ್ ಡಾಟ್ ಇಎಕ್ಸ್‌ಇ ಅಂತ ಪೂರ್ತಿ ಬರೆಯಬೇಕು. ಪೈಪ್ ಮಾಡಬೇಡಿ. ಪೈಪ್‌ನಲ್ಲಿ ಹೊರಗೆ ಹೋಗುವ ಪಠ್ಯಕ್ಕೆ ಅದು ಆಸ್ಕಿ ಬಳಸುತ್ತದೆ, ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳ ಸಾಲಾಗುತ್ತದೆ. ಫೈಲ್ ಹೆಸರನ್ನೇ ಕೊಟ್ಟರೆ ತೊಂದರೆಯಿಲ್ಲ. ನಮ್ಮ ಕಡೆಯಿಂದ ಕಚ್ಚಾ ಪಠ್ಯ ಕೊಡುವಾಗ ಟೆಕ್ಸ್ಟ್-ಪ್ಲೇನ್ ಜೊತೆ ಯುಟಿಎಫ್-8 ಅಂತ ಸ್ಪಷ್ಟವಾಗಿ ಹೇಳಬೇಕು, ಬಗೆಯನ್ನು ಬ್ರೌಸರ್ ತಾನೇ ಊಹಿಸದಂತೆ ತಡೆಯುವ ನೋಸ್ನಿಫ್ ಹೆಡರ್ ಕೂಡ ಇರಲಿ.

ಎಂಜಿನ್‌ಎಕ್ಸ್ ಹೇಳದಿದ್ದರೆ 1 ಎಂಬಿ ಮೇಲೆ ತೆಗೆದುಕೊಳ್ಳುವುದಿಲ್ಲ, 413 ಕೊಡುತ್ತದೆ. ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ 3 ಬೈಟ್ ಬೇಕು, ಹಾಗಾಗಿ ಸುಮಾರು ಮೂರೂವರೆ ಲಕ್ಷಕ್ಕೇ ಮಿತಿ ಮುಟ್ಟುತ್ತದೆ. 2 ಎಂಬಿ ಮಾಡಿ ನಿಲ್ಲಿಸಿದೆ. ಇಡೀ ನಿಘಂಟು ಸುರಿಯುವ ಜಾಗ ಇದಲ್ಲ.

ಹಂತ 6: ಕೊಂಡಿಗಳು

ಮೊದಲ ರೂಪದಲ್ಲಿ ಕೊಂಡಿಗಳು 1, 2, 3 ಅಂತ ಸಾಲಾಗಿ ಹೋಗುತ್ತಿದ್ದವು. ಲಾಗ್ ನೋಡಿದರೆ ಯಾವುದೋ ಬಾಟ್ ಒಂದರಿಂದ ಶುರುಮಾಡಿ ಎಲ್ಲವನ್ನೂ ಓದಿಕೊಂಡು ಹೋಗಿತ್ತು. ಈಗ ಎಂಟು ಅಕ್ಷರದ ಗುರುತು, ಪೈಥಾನ್‌ನ ಸೀಕ್ರೆಟ್ಸ್ ಮಾಡ್ಯೂಲ್‌ನಿಂದ. ಸೊನ್ನೆ, ದೊಡ್ಡ ಓ, ದೊಡ್ಡ ಐ, ಸಣ್ಣ ಎಲ್ ತೆಗೆದು ಉಳಿದ 58 ಅಕ್ಷರ. ಫೋನ್‌ನಲ್ಲಿ ಓದಿ ಹೇಳುವಾಗ ಗೊಂದಲ ಬೇಡ. ಸುಮಾರು 128 ಲಕ್ಷ ಕೋಟಿ ಸಾಧ್ಯತೆಗಳು. ಓದಲು ಯಾರಿಗೂ ತಡೆಯಿಲ್ಲ, ಹಾಕಲು ಗುಂಪಿನ ಟೋಕನ್ ಬೇಕು. ತೆರೆದಿಟ್ಟಿದ್ದಾಗ ಬಂದ ಜಾಹೀರಾತು ಕಸವನ್ನು ನೋಡಿದಮೇಲೆ ಇದರಲ್ಲಿ ಚರ್ಚೆಗೇ ಜಾಗವಿರಲಿಲ್ಲ.

'ಒಮ್ಮೆ ಓದಿದಮೇಲೆ ಅಳಿಸು' ಅನ್ನುವ ಆಯ್ಕೆ ಹಾಕಿದೆ. ಯಾರಿಗೆ ಕಳಿಸಿದರೂ "ಖಾಲಿ ಇದೆ" ಅನ್ನುತ್ತಿದ್ದರು. ಚಾಟ್‌ನಲ್ಲಿ ಕೊಂಡಿ ಹಾಕಿದ ಕೂಡಲೇ ಅದರ ಕೆಳಗೆ ಮುನ್ನೋಟ ಬರುತ್ತದಲ್ಲ, ಅದನ್ನು ತಯಾರಿಸಲು ಪುಟ ಮೊದಲೇ ತೆರೆಯಲ್ಪಡುತ್ತದೆ. ಆ ಒಂದು ಓದು ಅಲ್ಲೇ ಖರ್ಚಾಗಿರುತ್ತದೆ. ಈಗ ಕೊಂಡಿ ತೆರೆದರೆ 'ತೋರಿಸು' ಗುಂಡಿ ಮಾತ್ರ ಬರುತ್ತದೆ. ಅದನ್ನು ಒತ್ತಿ ಪೋಸ್ಟ್ ವಿನಂತಿ ಹೋದಮೇಲಷ್ಟೇ ಅಳಿಸುವುದು.

ಹಂತ 7: ಕೀಲಿಗಳು, ಪರವಾನಗಿ

ಕೋಡ್ ಹಂಚುವಾಗ ಪಾಸ್‌ವರ್ಡ್ ಸಮೇತ ಹಂಚುವುದು ಎಲ್ಲ ಕಡೆ ಇರುವ ರೋಗ. ಅಮೆಜಾನ್ ಮೋಡದ ಖಾಯಂ ಕೀಲಿಗಳ ಗುರುತು ಎಕೆಐಎ ಅಂತ ಶುರುವಾಗಿ ಒಟ್ಟು 20 ಅಕ್ಷರ ಇರುತ್ತದೆ. ಗಿಟ್‌ಹಬ್‌ನ ಕ್ಲಾಸಿಕ್ ಬಗೆಯ ವೈಯಕ್ತಿಕ ಟೋಕನ್ ಜಿಎಚ್‌ಪಿ ಮತ್ತು ಅಡಿಗೆರೆಯಿಂದ ಶುರು. ಖಾಸಗಿ ಕೀಲಿ ಫೈಲಿಗೆ ತಲೆಸಾಲೇ ಇದೆ. ಈ ಮೂರಕ್ಕೆ ರೆಜೆಕ್ಸ್ (ಪಠ್ಯದ ಮಾದರಿ ಹುಡುಕುವ ಸೂತ್ರ) ಹಾಕಿದೆ. ಸಿಕ್ಕರೆ ಸರ್ವರ್ ಉಳಿಸಿಕೊಳ್ಳದೆ ಸಾಲಿನ ಸಂಖ್ಯೆ ಹೇಳಿ ವಾಪಸ್ ಕಳಿಸುತ್ತದೆ. ಬೇಕೆಂದೇ ಹಾಕುವವರಿಗೆ ಒಂದು ಹೆಡರ್ ಇದೆ. ಡೇಟಾಬೇಸ್ ಪಾಸ್‌ವರ್ಡ್ ಊರಿನ ಹೆಸರಿನ ಹಾಗಿದ್ದರೆ ಯಾವ ರೆಜೆಕ್ಸೂ ಹಿಡಿಯದು. ಒಮ್ಮೆ ಹೊರಗೆ ಬಿದ್ದ ಕೀಲಿಗೆ ಪೇಸ್ಟ್ ಅಳಿಸುವುದು ಮದ್ದಲ್ಲ, ಕೀಲಿಯನ್ನೇ ರದ್ದು ಮಾಡಿ ಹೊಸದು ತೆಗೆಯಬೇಕು ಅನ್ನುವುದನ್ನು ದೋಷಸಂದೇಶದಲ್ಲೇ ಬರೆದಿಟ್ಟಿದ್ದೇನೆ.

ಪರವಾನಗಿಗೆ ಒಂದು ಪಟ್ಟಿ: ಎಂಐಟಿ (ಹಕ್ಕಿನ ಸೂಚನೆ ಉಳಿಸಿಕೊಂಡು ಬಳಸಿ), ಸಿಸಿ0 (ಹಕ್ಕು ಬಿಟ್ಟುಕೊಟ್ಟದ್ದು), 'ಕೇಳಿ ಬಳಸಿ'. ಏನೂ ಹೇಳದ ತುಣುಕಿನ ಹಕ್ಕು ಬರೆದವರದೇ. ಸ್ಟ್ಯಾಕ್ ಓವರ್‌ಫ್ಲೋನಿಂದ ಎತ್ತಿದ್ದಾದರೆ ಅದು ಸಿಸಿ ಬಿವೈ-ಎಸ್ಎ, ಹೆಸರು ಹೇಳಬೇಕು. ಮೊದಲ ಪೇಸ್ಟ್‌ಗಳಲ್ಲಿ ಅರ್ಧಕ್ಕರ್ಧ ಅಲ್ಲಿಂದಲೇ ಬಂದದ್ದು ಅನ್ನುವುದು ಬೇರೆ ಮಾತು.

ಬ್ಯಾಕಪ್‌ಗೆ ಓಡುತ್ತಿರುವ ಎಸ್‌ಕ್ಯೂಲೈಟ್ ಫೈಲನ್ನು ನೇರ ನಕಲು ಮಾಡಬೇಡಿ, ಅದರದೇ ಬ್ಯಾಕಪ್ ಆಜ್ಞೆ ಇದೆ. ರಾತ್ರಿ ಟೈಮರ್ ಅವಧಿ ಮುಗಿದವನ್ನು ಅಳಿಸುತ್ತದೆ. ಅಳಿಸಿದರೂ ಫೈಲ್ ಚಿಕ್ಕದಾಗುವುದಿಲ್ಲ, ಆಗಾಗ ವ್ಯಾಕ್ಯೂಮ್ ಓಡಿಸಬೇಕು.

ಬಾಕಿ

ಕನ್ನಡ ಟಿಪ್ಪಣಿ ಇರುವ ಸಾಲುಗಳಲ್ಲಿ ಕಾಲಮ್‌ಗಳು ಒಂದರ ಕೆಳಗೊಂದು ಕೂರುತ್ತಿಲ್ಲ. ಇಂಗ್ಲಿಷ್ ಅಕ್ಷರಗಳು ಸಮಾನ ಅಗಲದ ಫಾಂಟ್‌ನಲ್ಲಿ ಬರುತ್ತವೆ, ಕನ್ನಡ ನೋಟೋ ಸ್ಯಾನ್ಸ್‌ನಲ್ಲಿ. ಪೈಥಾನ್ ದೋಷದ ಕೆಳಗೆ ತೋರಿಸುವ ಬಾಣದ ಗುರುತು ಎರಡು ಪದ ಆಚೆ ಹೋಗಿ ನಿಲ್ಲುತ್ತದೆ. ಫಾಂಟ್ ಬದಲಾಯಿಸಿ ನೋಡಿದೆ, ಪ್ರಯೋಜನವಾಗಲಿಲ್ಲ.

ಎರಡು ಪೇಸ್ಟ್‌ಗಳ ವ್ಯತ್ಯಾಸ ತೋರಿಸುವ ಪುಟ ಅರ್ಧ ಆಗಿದೆ. ಕಣ್ಣಿಗೆ ಒಂದೇ ಕಂಡು ಬೈಟಿನಲ್ಲಿ ಬೇರೆ ಇರುವ ಸಾಲುಗಳಿಗೆ ಪಕ್ಕದಲ್ಲಿ ಕೋಡ್‌ಪಾಯಿಂಟ್ ಅಂಕಿಗಳನ್ನು ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದೆ, ಫೋನಿನಲ್ಲಿ ಪರದೆ ದಾಟಿ ಹೋಗುತ್ತದೆ. ಮೇಷ್ಟ್ರು ನೋಡುವುದು ಫೋನಿನಲ್ಲೇ, ಹಾಗಾಗಿ ಮೊದಲು ಅದು.